ಭಾನುವಾರವನ್ನೂ ಬೈಟೂ ಮಾಡಬೇಕಾ?

ಪ್ರಶ್ನೆ: ನನಗೆ 29. ಮೂಡಿಗೆರೆ ಕಡೆಯವಳು. ಬೆಂಗಳೂರಿಗೆ ಬಂದು ಏಳು ವರ್ಷ ಆಯಿತು. ಕೂಡ್ಲು ಗೇಟ್ ಹತ್ತಿರ ಪಿಜಿಯಲ್ಲಿದ್ದೇನೆ, ಮೂವರಿಗೆ ಒಂದು ರೂಮು. ಭಾನುವಾರ ಬೆಳಿಗ್ಗೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಇರುವ ಒಂದೇ 50 ಎಂ.ಎಂ. ಲೆನ್ಸ್ ತಗೊಂಡು ಒಬ್ಬಳೇ ಗಾಂಧಿ ಬಜಾರ್‌ಗೆ ಹೋಗುತ್ತೇನೆ. ನಿಂತುಕೊಂಡು ಒಂದು ಕಾಫಿ, ಆಮೇಲೆ ಸುತ್ತಾಟ, ಫೋಟೊ. ಸಂಜೆ ಎಲ್ಲಾದರೂ ಕಛೇರಿ ಇದ್ದರೆ ಕೂತು ಕೇಳಿ ವಾಪಸ್. ಇದೇ ನನ್ನ ಸಂತೋಷ. ಈಗ ಮನೆಯಲ್ಲಿ ಒಂದು ಸಂಬಂಧ ನೋಡಿದ್ದಾರೆ. ಹುಡುಗ ತುಮಕೂರಿನವರು, ಇಲ್ಲೇ ಕೆಲಸ. ಒಳ್ಳೆಯವರೇ. ಎರಡು ಸಲ ಭೇಟಿಯಾದೆವು. ಮೊದಲ ಸಲ ನನ್ನನ್ನು ಕೇಳದೇ ‘ಬೈಟೂ ಕಾಫಿ’ ಅಂದುಬಿಟ್ಟರು. ಎರಡನೇ ಸಲ ರಾಮನವಮಿ ಕಛೇರಿಗೆ ಬಂದರು. ತನಿ, ಅಂದರೆ ಹಾಡು ನಿಂತು ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ಭಾಗ, ಶುರುವಾದ ತಕ್ಷಣ ಎದ್ದುಹೋಗಿ ಎರಡು ಕಾಫಿ ತಂದು ಒಂದನ್ನು ನನ್ನ ಕೈಗಿಟ್ಟರು. ಮೃದಂಗ ಕೇಳೋಕೇ ಆಗಲಿಲ್ಲ. ವಾಪಸ್ ಬರುವಾಗ ‘ಮದುವೆ ಆದ್ಮೇಲೂ ಹೀಗೇ ಒಬ್ರೇ ಸುತ್ತುತ್ತೀರಾ?’ ಅಂತ ಕೇಳಿದರು. ನಾನು ಏನೂ ಹೇಳಲಿಲ್ಲ. ಅಮ್ಮ ಅಕ್ಷಯ ತದಿಗೆಯೊಳಗೆ ಹೂಂ ಅಥವಾ ಊಹೂಂ ಹೇಳು ಅಂತಿದ್ದಾರೆ. ನನ್ನ ಭಾನುವಾರವನ್ನು ಯಾರ ಜೊತೆಗೂ ಹಂಚಿಕೊಳ್ಳಲು ನನಗೆ ಇಷ್ಟವಿಲ್ಲ. ನನ್ನಲ್ಲೇ ಏನಾದರೂ ದೋಷ ಇದೆಯಾ? ಒಂಟಿತನಕ್ಕೆ ಒಗ್ಗಿಹೋಗಿದ್ದೇನಾ? ನಾನು ತೆಗೆದ ಮೂರು ಫೋಟೊ ಕಳಿಸಿದ್ದೇನೆ, ನನ್ನ ಬಗ್ಗೆ ಸ್ವಲ್ಪ ತಿಳಿಯಲಿ ಅಂತ.
– ಹೆಸರು ಬೇಡ

ಉತ್ತರ: ದೋಷ ಏನೂ ಇಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಸ್ವಲ್ಪ ಬೈಗುಳ ಇದೆ, ಅದು ಆಮೇಲೆ.

ನಿಮ್ಮ ವಾರ ಹೇಗಿರಬಹುದು ಅಂತ ಕೂತು ಯೋಚಿಸಿದೆ. ಬೆಳಿಗ್ಗೆ ಪಕ್ಕದ ಮಂಚದವಳ ಅಲಾರಂಗೆ ನಿಮಗೆ ಎಚ್ಚರ. ಬಚ್ಚಲಿಗೆ ಸರದಿ. ಆಫೀಸಿನಲ್ಲಿ ಎದುರಿಗೊಬ್ಬರು, ಪಕ್ಕಕ್ಕಿಬ್ಬರು. ರಾತ್ರಿ ತಟ್ಟೆ ಹಿಡಿದು ಮತ್ತೆ ಸಾಲು. ಮನೆಗೆ ಫೋನ್ ಮಾಡಬೇಕೆಂದರೆ ಟೆರೇಸು, ಅಲ್ಲೂ ಯಾರೋ ಬಟ್ಟೆ ಒಣಹಾಕುತ್ತಿರುತ್ತಾರೆ. ಆರು ದಿನ ಹೀಗೆ ಜನರ ನಡುವೆ ಸಿಕ್ಕಿಕೊಂಡವರು ಏಳನೇ ದಿನ ‘ಒಬ್ಬಳೇ ಇರ್ತೀನಿ’ ಅಂದರೆ ಅದು ಯಾವ ಒಂಟಿತನ? ಬಾಗಿಲು ಹಾಕಿಕೊಳ್ಳಲು ನಿಮಗೊಂದು ಕೋಣೆ ಇಲ್ಲ. ಭಾನುವಾರವನ್ನೇ ಕೋಣೆ ಮಾಡಿಕೊಂಡಿದ್ದೀರಿ, ಅಷ್ಟೇ.

ಊರಿನಲ್ಲಿದ್ದರೆ ಇದೂ ಸಿಗುತ್ತಿರಲಿಲ್ಲ. ಮಲೆನಾಡಿನಲ್ಲಿ ಮನೆಗೂ ಮನೆಗೂ ನಡುವೆ ಎಷ್ಟೇ ದೂರ ಇರಲಿ, ತೋಟದ ಗೇಟು ದಾಟುವಷ್ಟರಲ್ಲಿ ‘ಎಲ್ಲಿಗೆ ಹೊರಟೆ?’ ಅಂತ ಮೂರು ಜನ ಕೇಳಿರುತ್ತಾರೆ. ಬೆಂಗಳೂರು ಕೇಳುವುದಿಲ್ಲ. ಇಲ್ಲಿನ ಧೂಳಿಗೆ, ಬಾಡಿಗೆಗೆ, ಟ್ರಾಫಿಕ್ಕಿಗೆ ನಾನು ದಿನಾ ಬೈಯುತ್ತೇನೆ. ಈ ಒಂದು ಗುಣಕ್ಕೆ ಎಲ್ಲ ಮಾಫಿ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲಂತೂ ನಿಮಗೆ ಇನ್ನೂ ಸುಲಭ ಆಗಿರಬೇಕು. ಕೂಡ್ಲು ಗೇಟ್‌ನಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಹಸಿರು ಗಾಡಿಗೆ ಬದಲಾಯಿಸಿಕೊಂಡರೆ ಬಸವನಗುಡಿ ಬಂದೇಬಿಟ್ಟಿತು. ಸಿಲ್ಕ್ ಬೋರ್ಡ್ ಜಂಕ್ಷನ್ ಕೆಳಗೇ ಉಳಿಯುತ್ತದೆ, ಹಾರ್ನ್ ಮಾಡಿಕೊಂಡು.

ಈಗ ಕಾಫಿ ವಿಚಾರ. ನೀವು ಕಾಫಿ ಸೀಮೆಯವರು. ಕಾಫಿ ಗಿಡ ಹೂ ಬಿಡುವಂತೆ ಮಾಡುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆ ಥರ ಘಮಘಮ ಅನ್ನುವುದನ್ನು ನೋಡಿ ಬೆಳೆದಿದ್ದೀರಿ. ನಿಮ್ಮ ಕಡೆ ಬೆಲ್ಲದ ಕಾಫಿ ದೊಡ್ಡ ಲೋಟದಲ್ಲಿ ಬರುತ್ತದೆ, ಸಾಕು ಅಂದರೂ ಇನ್ನಷ್ಟು ಬಗ್ಗಿಸುತ್ತಾರೆ. ಅಂಥವರ ಮುಂದೆ ಒಂದು ಕಾಫಿಯನ್ನು ಎರಡು ಕಪ್ಪಿಗೆ ಸುರಿದರೆ ‘ಇದೇನು ಜಿಪುಣತನ’ ಅನ್ನಿಸಿರಬೇಕು. ಆದರೆ ಈ ಕಡೆ ಬೈಟೂಗೆ ಆ ಅರ್ಥ ಇಲ್ಲ. ದಿನಕ್ಕೆ ಐದು ಸಲ ಕುಡಿಯುವವರು ಕಂಡುಕೊಂಡ ಉಪಾಯ ಅದು. ಜೊತೆಗೆ ಐದು ನಿಮಿಷ ನಿಲ್ಲಲು ಒಂದು ನೆಪ. ‘ಬಾರೋ, ಬೈಟೂ ಹೊಡೆಯೋಣ’ ಅಂತ ಯಾರೂ ಶತ್ರುವನ್ನು ಕರೆಯುವುದಿಲ್ಲ. ಆ ಹುಡುಗ ಸಲಿಗೆಯಿಂದಲೇ ಹೇಳಿರಬಹುದು.

ಕೇಳದೇ ಹೇಳಿದ್ದು ತಪ್ಪು, ಒಪ್ಪುತ್ತೇನೆ. ಆದರೆ ‘ನನಗೆ ಪೂರ್ತಿ ಬೇಕು’ ಅಂತ ನೀವೂ ಹೇಳಲಿಲ್ಲ. ಅರ್ಧ ಕಪ್ ಕುಡಿದು, ಸುಮ್ನೆ ಪಿಜಿಗೆ ಬಂದು, ನನಗೆ ಪತ್ರ ಬರೆದಿರಿ. ಇದೇ ಆ ಬೈಗುಳ.

ಅವರೇನು ಮಾಡಿದರು ನೋಡಿ. ಎರಡನೇ ಸಲ ಎರಡು ಕಾಫಿ ತಂದರು. ಇದನ್ನು ಬರೆದವರು ನೀವೇ, ದೂರಿನ ಧಾಟಿಯಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಬೈಟೂ ಅಭ್ಯಾಸದ ಮನುಷ್ಯ ಪೂರ್ತಿ ಎರಡು ತಂದರು ಅಂದರೆ, ಮೊದಲ ಸಲ ನಿಮ್ಮ ಮುಖ ಸಣ್ಣಗಾದದ್ದು ಅವರ ಕಣ್ಣಿಗೆ ಬಿದ್ದಿತ್ತು ಅಂತ ನನ್ನ ಊಹೆ. ಜಾಸ್ತಿ ಊಹಿಸುತ್ತಿದ್ದೇನೋ ಏನೋ. ಆ ಕ್ಯಾಂಟೀನಿನಲ್ಲಿ ಬೈಟೂ ಕೊಡದೇ ಇದ್ದಿರಲೂಬಹುದು!

ಇನ್ನು ತನಿಗೆ ಎದ್ದುಹೋದದ್ದು. ಅದಕ್ಕಾಗಿ ಅವರನ್ನು ಶೂಲಕ್ಕೇರಿಸಬೇಡಿ. ಅರ್ಧ ಸಭೆ ಏಳುವುದೇ ಆಗ. 1905ರಿಂದ ಇರುವ ಗಾಯನ ಸಮಾಜದಲ್ಲೂ ಕೂತಿದ್ದೇನೆ, ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯ ಪೆಂಡಾಲಿನಲ್ಲೂ ಕೂತಿದ್ದೇನೆ. ಹಾಡುವವರು ಮೃದಂಗದವರ ಕಡೆ ಕೈ ತೋರಿಸಿದ ಕೂಡಲೇ ಕುರ್ಚಿಗಳು ಕಿರ್ ಅನ್ನುವ ಸದ್ದು ಎರಡು ಕಡೆಯೂ ಒಂದೇ. ಪಾಪ ಮೃದಂಗದವರು.

ಆದರೆ ತನಿಯ ಮಾತು ನೀವೇ ಎತ್ತಿದ್ದರಿಂದ ಕೇಳುತ್ತೇನೆ. ಆ ಹೊತ್ತಿನಲ್ಲಿ ಹಾಡುವವರು ಏನು ಮಾಡುತ್ತಿರುತ್ತಾರೆ ಅಂತ ಗಮನಿಸಿದ್ದೀರಾ? ಅಲ್ಲಿಯವರೆಗೆ ಸಭೆಯೆಲ್ಲ ಅವರನ್ನೇ ನೋಡುತ್ತಿತ್ತು. ಈಗ ಹಿಂದಕ್ಕೆ ಸರಿದು ಬಾಯಿ ಮುಚ್ಚಿ ಕೂತಿದ್ದಾರೆ. ಪಿಟೀಲು ಮಡಿಲಲ್ಲಿ ಮಲಗಿದೆ. ಮೃದಂಗ, ಘಟ, ಖಂಜಿರ ತಮ್ಮ ಪಾಡಿಗೆ ಒಂದನ್ನೊಂದು ಕೆಣಕುತ್ತಿವೆ. ಹಾಡುವವರ ಕೈ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತದೆ, ಒಂದು ಅಕ್ಷರ ತಪ್ಪದೆ. ಮುಕ್ತಾಯ ಮುಗಿದ ಜಾಗಕ್ಕೆ ಸರಿಯಾಗಿ ಸಾಹಿತ್ಯದ ಸಾಲು ಹಿಡಿದು ಒಳಗೆ ಬರುತ್ತಾರೆ. ಮಧ್ಯೆ ಎದ್ದು ಹೋಗಿದ್ದರೆ ಆ ಜಾಗ ಸಿಗುತ್ತಿರಲಿಲ್ಲ. ಮಧ್ಯೆ ಬಾಯಿ ಹಾಕಿದ್ದರೆ ತನಿಯೇ ಇರುತ್ತಿರಲಿಲ್ಲ.

ನೀವು ಹುಡುಕಬೇಕಾದದ್ದು ಇಂಥ ತಾಳದ ಕೈ. ಭಾನುವಾರ ನಿಮ್ಮ ಹಿಂದೆ ಟ್ರೈಪಾಡ್ ಹೊತ್ತುಕೊಂಡು ಬರುವ ಗಂಡ ಸಿಕ್ಕರೂ ನಿಮಗೆ ಒಂದೇ ತಿಂಗಳಲ್ಲಿ ಕಿರಿಕಿರಿ ಆಗುತ್ತದೆ.

ನಮ್ಮ ಯಜಮಾನರಿಗೆ ಸಂಗೀತ ಅಂದರೆ ಆಗದು. ಮದುವೆಯಾದ ಹೊಸದರಲ್ಲಿ ಎಳೆದುಕೊಂಡು ಹೋಗಿದ್ದೆ. ಆಲಾಪನೆ ಅರ್ಧಕ್ಕೆ ಬರುವಷ್ಟರಲ್ಲಿ ಗೊರಕೆ. ಮುಂದಿನ ಸಾಲಿನ ಅಜ್ಜ ತಿರುಗಿ ನೋಡಿದರು, ನನಗೆ ನೆಲ ಬಿರಿಯಬಾರದಾ ಅನ್ನಿಸಿತು. ಇದೇ ವಿಷಯಕ್ಕೆ ಎರಡು ವರ್ಷ ಜಗಳ ಆಡಿದೆವು. ಕೊನೆಗೆ ಒಂದು ದಿನ ಅವರೇ, ‘ನೀನು ಹೋಗು. ಮುಗಿಯೋ ಹೊತ್ತಿಗೆ ಗೇಟಿಗೆ ಬರ್ತೀನಿ’ ಅಂದರು. ಮೂವತ್ತು ವರ್ಷ ಆಯಿತು. ಸ್ಕೂಟರ್ ಹೋಗಿ ಕಾರು ಬಂತು. ಕಾರು ನಿಲ್ಲಿಸಲು ಜಾಗ ಸಿಗದೆ ಮತ್ತೆ ಸ್ಕೂಟರ್ ಬಂತು. ಗೇಟಿನಲ್ಲಿ ‘ಮಂಗಳ ಆಯ್ತಾ?’ ಅಂತ ಕೇಳುತ್ತಾರೆ. ಯಾವ ರಾಗ ಅಂತ ಇವತ್ತಿಗೂ ಕೇಳಿಲ್ಲ.

‘ಮದುವೆ ಆದ್ಮೇಲೂ ಹೀಗೇ ಒಬ್ರೇ ಸುತ್ತುತ್ತೀರಾ?’ ನೀವು ಮಾತು ಬರೆದಿರಿ, ಅದರ ರಾಗ ಬರೆಯಲಿಲ್ಲ. ಹುಬ್ಬು ಗಂಟಿಕ್ಕಿ ಕೇಳಿದರೋ, ನನ್ನನ್ನೂ ಕರೀತಾಳಾ ಅನ್ನುವ ಆಸೆಯಲ್ಲಿ ಕೇಳಿದರೋ? ಫೋನ್ ಮಾಡಿ ನಿಮ್ಮ ಉತ್ತರ ಹೇಳಿಬಿಡಿ. ‘ಹೌದು, ಸುತ್ತುತ್ತೇನೆ. ಬೆಳಿಗ್ಗೆ ಹನ್ನೊಂದರವರೆಗೆ ನನ್ನ ಪಾಡಿಗೆ. ಆಮೇಲೆ ಮಸಾಲೆ ದೋಸೆಗೆ ನೀವೂ ಬನ್ನಿ.’ ಇಷ್ಟೇ. ಕಾರಣ, ವಿವರಣೆ, ಕ್ಷಮಾಪಣೆ ಏನೂ ಬೇಡ. ‘ಸರಿ, ಅಷ್ಟೊತ್ತು ನಾನು ಕ್ರಿಕೆಟ್ ಆಡ್ಕೊಂಡು ಬರ್ತೀನಿ’ ಅಂದರೆ ನನ್ನ ಲೆಕ್ಕದಲ್ಲಿ ಪಾಸು. ‘ನೋಡಿದವರು ಏನಂತಾರೆ’ ಅಂತ ಶುರು ಮಾಡಿದರೆ ಎರಡನೇ ಸಲ ಕೇಳುವ ಅಗತ್ಯ ಇಲ್ಲ. ನಿಮ್ಮ ಅಮ್ಮನಿಗೆ ಹೇಳಲು ಉತ್ತರ ಸಿಕ್ಕಿತು.

ಅಂದಹಾಗೆ, ಅವರ ಭಾನುವಾರ ಹೇಗಿರುತ್ತದೆ? ಇಷ್ಟುದ್ದ ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಕೇಳಿದ್ದೀರಾ? ಅವರಿಗೂ ಒಂದು ತನಿ ಇರಬಹುದಲ್ವಾ, ಆಗ ತಾಳ ಹಾಕುವ ಕೆಲಸ ನಿಮ್ಮದು. ಇದೆಲ್ಲ ಗೊತ್ತಾಗಲು ಎರಡು ಭೇಟಿ ಸಾಲದು. ಅಮ್ಮನಿಗೆ ಇನ್ನೂ ಎರಡು ಮೂರು ಸಲ ಮಾತಾಡಿ ಹೇಳುತ್ತೇನೆ ಅನ್ನಿ. ಅಕ್ಷಯ ತದಿಗೆ ಮುಂದಿನ ವರ್ಷವೂ ಬರುತ್ತದೆ.

ಫೋಟೊ ನೋಡಿದೆ. ಲಾಲ್‌ಬಾಗ್ ಬಂಡೆಯದು ಚೆನ್ನಾಗಿದೆ, ಆದರೆ ಅಂಥದ್ದನ್ನು ಎಲ್ಲರೂ ತೆಗೆಯುತ್ತಾರೆ. ಕಾಫಿ ಹೊಯ್ಯುವ ಕೈ, ಮೇಲಿಂದ ಇಳಿಯುವ ಧಾರೆ, ಅದು ಒಳ್ಳೆಯದು. ಮೂರನೆಯದನ್ನು ತುಂಬ ಹೊತ್ತು ನೋಡಿದೆ. ಹೂ ಮಾರುವ ಹೆಂಗಸು. ಬಾಯಲ್ಲಿ ದಾರ ಕಚ್ಚಿಕೊಂಡಿದ್ದಾರೆ, ಮಡಿಲಲ್ಲಿ ಅರ್ಧ ಕಟ್ಟಿದ ಮಲ್ಲಿಗೆ, ದಾರ ಬಿಡದೆಯೇ ನಿಮ್ಮನ್ನು ನೋಡಿ ನಗುತ್ತಿದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ ಜೀವನವಿಡೀ ಇಂಥ ಸಾಮಾನ್ಯರ ಚಿತ್ರ ತೆಗೆದರು, 1977ರಲ್ಲಿ ಪದ್ಮಶ್ರೀಯೂ ಬಂತು. ಅವರ ಚಿತ್ರ ನೋಡುವಾಗ ನನಗೆ ಬರುವ ಯೋಚನೆಯೇ ನಿಮ್ಮದನ್ನು ನೋಡುವಾಗಲೂ ಬಂತು: ಇವರಿಗೆ ತೆಗೆದವರ ಪರಿಚಯ ಇತ್ತು.

ನಿಮ್ಮ ಲೆನ್ಸಿಗೆ ಜೂಮ್ ಇಲ್ಲ. ರಸ್ತೆಯ ಆ ಬದಿ ನಿಂತು ಕದ್ದು ತೆಗೆಯಲು ಆಗಲ್ಲ, ಹತ್ತಿರ ಹೋಗಲೇಬೇಕು. ನೀವು ಹೋಗಿದ್ದೀರಿ. ಒಂದೇ ವಾರಕ್ಕೆ ಆ ನಗು ಸಿಕ್ಕಿರಲಾರದು. ಎಷ್ಟೋ ಭಾನುವಾರ ಹೂವು ಕೊಂಡು, ಎರಡು ಮಾತಾಡಿ, ಆಮೇಲೆ ಕ್ಯಾಮೆರಾ ಎತ್ತಿರಬೇಕು. ಜನ ಬೇಡದವರು ಹೀಗೆ ಮಾಡುತ್ತಾರಾ? ನಿಮಗೆ ಸಮಯ ಜಾಸ್ತಿ ಬೇಕು, ಅಷ್ಟೇ. ಅದನ್ನೂ ಆ ಹುಡುಗನಿಗೆ ಹೇಳಿ.

ಆಕೆಗೆ ಒಂದು ಪ್ರಿಂಟ್ ಕೊಟ್ಟಿದ್ದೀರಾ? ಇಲ್ಲದಿದ್ದರೆ ಹುಡುಗನಿಗೆ ಫೋನ್ ಮಾಡುವ ಮೊದಲು ಅದಾಗಲಿ. 5-7 ಸೈಜಿನದು ಸಾಕು. ಈ ಭಾನುವಾರವೇ ಕೊಟ್ಟು ಬನ್ನಿ. ಖುಷಿಗೆ ಎರಡು ಮೊಳ ಹಂಗೇ ಕೊಡಲು ಬರುತ್ತಾರೆ, ದುಡ್ಡು ಕೊಟ್ಟೇ ತಗೊಳ್ಳಿ.