ಬರೊಂಗ್ ಅಂಗಿ ನಿಜಕ್ಕೂ ಅನಾನಸ್‌ದೇ!

ಮನಿಲಾದ ಮದುವೆಗೆ ಹಾಕೋ ಬರೊಂಗ್ ಅಂಗಿ (ಫಿಲಿಪ್ಪೀನ್ಸ್ ಗಂಡಸರ ಸಾಂಪ್ರದಾಯಿಕ ಅಂಗಿ) ನಿಜವಾಗಿ ಅನಾನಸ್‌ದಾ, ಒಳಗೆ ಬನಿಯನ್ ಬೇಕಾ ಅಂತ ಕೇಳಿದ್ದೀರಿ.

ಬರೊಂಗ್‌ಗೆ ಬಳಸೋ ಪಿನ್ಯಾ ಅನ್ನೋ ಬಟ್ಟೆ ಅಸಲಿಯಾದರೆ ಅನಾನಸ್‌ದೇ. ಆದರೆ ಹಣ್ಣಿಂದಲ್ಲ, ಎಲೆಯ ನಾರಿಂದ. ಆಕ್ಲಾನ್ ಪ್ರಾಂತ್ಯದ ಕಾಲಿಬೊ ಕಡೆ, ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಎಲೆ ಕೆರೆದು ಮೊದಲು ಒರಟು ನಾರು ತೆಗೆಯುತ್ತಾರೆ. ಆಮೇಲೆ ತೆಂಗಿನ ಚಿಪ್ಪಿನಿಂದ ಕೆರೆದಾಗ ಸಿಗುವ ಎಳೆ ಕೂದಲಿನಷ್ಟು ಸಣ್ಣ. ಅವನ್ನು ಒಂದೊಂದಾಗಿ ಕೈಯಲ್ಲೇ ಗಂಟು ಹಾಕಿ ಉದ್ದ ಮಾಡಬೇಕು. ಬೆಲೆ ಸುಮ್ನೆ ಜಾಸ್ತಿ ಅಲ್ಲ! 2023ರಲ್ಲಿ ಈ ನೇಯ್ಗೆ ಯುನೆಸ್ಕೊ ಪಟ್ಟಿಗೂ ಸೇರಿತು. ತೀರಾ ಅಗ್ಗಕ್ಕೆ ಕೊಟ್ಟರೆ ಪಾಲಿಯೆಸ್ಟರ್ ಇರಬಹುದು, ನೋಡಿ ತಗೊಳ್ಳಿ.

ಅಂಗಿ ಮೈ ಕಾಣುವಷ್ಟು ತೆಳು, ಅದಕ್ಕೇ ಒಳಗೆ ಬಿಳಿ ಬನಿಯನ್ ಬೇಕೇ ಬೇಕು. ಇನ್‌ಶರ್ಟ್ ಮಾತ್ರ ಮಾಡಬೇಡಿ, ಹೊರಗೆ ಬಿಡುವುದೇ ರೂಢಿ.