ಇನ್ನೂರು ಸ್ವಿಚ್ಚಿಗೆ ಒಂದೇ ಪ್ಲೇಬುಕ್ ಬಿಡೋ ಮುಂಚೆ

ಈ ಸಲ ಬಂದ ಪ್ರಶ್ನೆಗಳಲ್ಲೂ ಮುಕ್ಕಾಲು ಪಾಲು ಹಳೇವೇ. ವಿಲ್ಯಾನ್ ಅಂದ್ರೇನು, ಟ್ರಂಕ್ ಅಂದ್ರೇನು ಅಂತ ಇಲ್ಲಿ ಉದ್ದಕ್ಕೆ ಹೇಳ್ತಾ ಕೂರಲ್ಲ (ಒಂದೇ ಸ್ವಿಚ್ಚನ್ನ ಬೇರೆ ಬೇರೆ ನೆಟ್‌ವರ್ಕಾಗಿ ಭಾಗ ಮಾಡೋದು ವಿಲ್ಯಾನ್, ಹಲವು ವಿಲ್ಯಾನ್ ಒಟ್ಟಿಗೆ ಹೋಗೋ ಲಿಂಕ್ ಟ್ರಂಕ್, ಅಷ್ಟೇ), ಡೇಟಾ ಸೆಂಟರ್ ನೆಟ್‌ವರ್ಕಲ್ಲಿ ಕೆಲಸ ಮಾಡೋರಿಗೆ ಅದು ಗೊತ್ತಿರ್ಲೇಬೇಕು. ಎಲ್ಲಾ ಸ್ವಿಚ್ಚಿಗೂ ಒಂದೇ ಸಲ ಪ್ಲೇಬುಕ್ (ಆನ್ಸಿಬಲ್ ಅನ್ನೋ ಆಟೊಮೇಶನ್ ಟೂಲ್ ಓಡಿಸೋ ಕೆಲಸದ ಪಟ್ಟಿ) ಓಡಿಸ್ಲಾ ಅನ್ನೋ ಪ್ರಶ್ನೆಗೆ ಮಾತ್ರ ಜಾಸ್ತಿ ಜಾಗ ಕೊಡ್ತೀನಿ, ಯಾಕಂದ್ರೆ ಅದನ್ನ ಓದಿದಾಗ್ಲೆಲ್ಲ ಭಯ ಆಗುತ್ತೆ. ಕೇಳೋರು ಯಾವತ್ತೂ ಖುಷಿಯಲ್ಲೇ ಕೇಳ್ತಾರೆ, ಪ್ರೊಡಕ್ಷನ್ ಸ್ವಿಚ್‌ಗಳ ಪಾಸ್‌ವರ್ಡ್ ಆಗ್ಲೇ ಅವ್ರ ಕೈಲಿರುತ್ತೆ.

ಪ್ರಶ್ನೆ: ಮಾರತಹಳ್ಳಿಯಲ್ಲಿ 90 ದಿನದ ನೆಟ್‌ವರ್ಕ್ ಆಟೊಮೇಶನ್ ಕೋರ್ಸ್ ಇದೆ, ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತಾರೆ, ಎಕ್ಸ್‌ಪೀರಿಯನ್ಸ್ ಲೆಟರ್ ಕೂಡ ಅವ್ರೇ ಮಾಡಿಸ್ಕೊಡ್ತಾರಂತೆ. ಸೇರ್ಲಾ?

ಲೆಟರ್ ಮಾಡಿಸ್ಕೊಡ್ತೀವಿ ಅಂದ ತಕ್ಷಣ ಎದ್ದು ಬರ್ಬೇಕಿತ್ತು. ಅದು ಮೋಸ, ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಸಿಕ್ಕಿಬಿದ್ದ ದಿನ ಅವ್ರು ನಿಮ್ಮ ಫೋನ್ ಎತ್ತಲ್ಲ. ಎಕ್ಸಾಂ ಡಂಪ್ (ಪರೀಕ್ಷೆಯ ಸೋರಿಕೆಯಾದ ಪ್ರಶ್ನೆ-ಉತ್ತರ) ಮಾರೋರಿಗೂ ಇದೇ ಮಾತು. ಇಂಟರ್‌ವ್ಯೂನಲ್ಲಿ ಇವಿಪಿಎನ್ ಟೈಪ್ 2 ರೂಟಿಗೂ ಟೈಪ್ 5 ರೂಟಿಗೂ ಏನ್ ವ್ಯತ್ಯಾಸ ಅಂದ್ರೆ ‘ಆಯ್ಕೆ ಬಿ’ ಅಂತ ಬಾಯಿಪಾಠದ ಉತ್ತರ ಕೊಡೋ ಹುಡುಗ್ರನ್ನ ನಾನೇ ನೋಡಿದ್ದೀನಿ, ಬೇಜಾರಾಗುತ್ತೆ, ಅವ್ರಪ್ಪ ಅಮ್ಮ ಸಾಲ ಮಾಡಿ ಫೀಸ್ ಕಟ್ಟಿರ್ತಾರೆ. 16 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್ ಇದ್ರೆ ಕಂಟೇನರ್‌ಲ್ಯಾಬ್ (ಲ್ಯಾಪ್‌ಟಾಪ್ ಒಳಗೇ ಅಭ್ಯಾಸದ ನೆಟ್‌ವರ್ಕ್ ಕಟ್ಟೋ ಟೂಲ್) ಹಾಕ್ಕೊಳ್ಳಿ, ನೋಕಿಯಾ ಎಸ್‌ಆರ್ ಲಿನಕ್ಸ್ ಇಮೇಜ್ ಪುಕ್ಸಟ್ಟೆ ಸಿಗುತ್ತೆ, ಎರಡು ಸ್ಪೈನ್ (ನಡುವಿನ ಸ್ವಿಚ್) ನಾಲ್ಕು ಲೀಫ್ (ಸರ್ವರ್ ಸೇರೋ ಸ್ವಿಚ್) ಇಟ್ಟು ಮನೆಯಲ್ಲೇ ಕಟ್ಟಿ ಕೆಡವಿ ಮತ್ತೆ ಕಟ್ಟಿ.

ಪ್ರಶ್ನೆ: ಬಿಜಿಪಿ ಇಂಟರ್‌ನೆಟ್‌ಗೆ ಮಾತ್ರ ಅಲ್ವಾ, ಡೇಟಾ ಸೆಂಟರ್ ಒಳಗೆ ಯಾಕೆ?

ಆರ್‌ಎಫ್‌ಸಿ 7938 ಅನ್ನೋ ದಾಖಲೆ ಬಂದಿದ್ದು 2016ರಲ್ಲಿ, ಬಿಜಿಪಿನ (ರೂಟರ್‌ಗಳು ಒಂದಕ್ಕೊಂದು ದಾರಿ ಹೇಳ್ಕೊಳ್ಳೋ ಪ್ರೋಟೋಕಾಲ್) ದೊಡ್ಡ ಡೇಟಾ ಸೆಂಟರ್ ಒಳಗೆ ಬಳಸೋದೇ ಅದರ ವಿಷಯ. ಓದಿ.

ಪ್ರಶ್ನೆ: ಎರಡು ಡೇಟಾ ಸೆಂಟರ್ ಮಧ್ಯೆ ಒಂದೇ ವಿಲ್ಯಾನ್ ಎಳೀಬೋದಾ, ಅಪ್ಲಿಕೇಶನ್ ಟೀಮ್‌ನವ್ರು ಐಪಿ ಬದಲಾಯಿಸಲ್ಲ ಅಂತ ಕೂತಿದ್ದಾರೆ.

ಬೇಡ. ಐಪಿ ಬದಲು ಹೆಸರು ಹಿಡಿದು ಹುಡುಕ್ಲಿ, ಅವ್ರಿಗೆ ಡಿಎನ್‌ಎಸ್ ಬಳಸೋಕೆ ಹೇಳಿ.

ಪ್ರಶ್ನೆ: ನಮ್ಮದು ವೈಟ್‌ಫೀಲ್ಡ್ ಕಡೆ ಇರೋ ಡೇಟಾ ಸೆಂಟರ್, ಸುಮಾರು 200 ಸ್ವಿಚ್. ಎಲ್ಲ ಕೈಯಲ್ಲೇ ಕಾನ್ಫಿಗ್ ಮಾಡ್ತಾ ಇದ್ವಿ. ಈಗ ಆನ್ಸಿಬಲ್ ಕಲ್ತಿದ್ದೀನಿ, ಹೊಸ ವಿಲ್ಯಾನ್ ಹಾಕೋ ಪ್ಲೇಬುಕ್ ರೆಡಿ ಇದೆ, ಲ್ಯಾಬಲ್ಲಿ ಕೆಲಸ ಮಾಡ್ತು. ಈ ಶನಿವಾರ ಎಲ್ಲಾ ಸ್ವಿಚ್‌ಗೂ ಓಡಿಸ್ಬೋದಾ?

ಓಡಿಸ್ಬೇಡಿ. ಯಾಕೆ ಅಂತ ಹೇಳೋಕೆ ನನ್ನದೇ ಒಂದು ರಾತ್ರಿ ಕಥೆ ಹೇಳ್ಬೇಕು.

ಕೆಲವು ವರ್ಷದ ಹಿಂದೆ ನಾನಿದ್ದ ಕಂಪನಿಯಲ್ಲಿ 36 ಆಕ್ಸೆಸ್ ಸ್ವಿಚ್‌ಗೆ ವಿಲ್ಯಾನ್ 310 ಸೇರಿಸ್ಬೇಕಿತ್ತು. ಟೆಂಪ್ಲೇಟ್ ಬರೆದವನು ನಾನೇ. ಸಾಲು ಇಷ್ಟೇ: ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 310’. ಗೊತ್ತಿರೋರು ಇಲ್ಲೇ ತಲೆ ಮೇಲೆ ಕೈ ಇಟ್ಕೊಂಡಿರ್ತೀರಿ. 310ಕ್ಕೆ ಮುಂಚೆ ‘ಆಡ್’ ಅನ್ನೋ ಪದ ಇರ್ಬೇಕು, ಅದಿಲ್ಲದಿದ್ರೆ ಸ್ವಿಚ್ ಇರೋ ಪಟ್ಟಿಗೆ ಸೇರಿಸಲ್ಲ, ಹಳೇ ಪಟ್ಟಿ ಪೂರ್ತಿ ಅಳಿಸಿ 310 ಒಂದನ್ನೇ ಇಟ್ಕೊಳ್ಳುತ್ತೆ. ಲ್ಯಾಬ್ ಸ್ವಿಚ್ಚಿನ ಟ್ರಂಕಲ್ಲಿ ಬೇರೆ ವಿಲ್ಯಾನೇ ಇರ್ಲಿಲ್ಲ, ಅಳಿಸೋಕೆ ಏನೂ ಇಲ್ಲ, ಹಾಗಾಗಿ ಟೆಸ್ಟ್ ಪಾಸ್. ಪ್ರೊಡಕ್ಷನ್‌ನಲ್ಲಿ ಅದೇ ಟ್ರಂಕಲ್ಲಿ ಸರ್ವರ್ ವಿಲ್ಯಾನ್‌ಗಳು, ಸ್ಟೋರೇಜ್, ಮ್ಯಾನೇಜ್‌ಮೆಂಟ್ ವಿಲ್ಯಾನ್ (ಸ್ವಿಚ್ಚಿಗೆ ನಾವು ಲಾಗಿನ್ ಆಗೋದು ಇದರಲ್ಲೇ) ಎಲ್ಲ ಹೋಗ್ತಿತ್ತು. ಆನ್ಸಿಬಲ್ ಡಿಫಾಲ್ಟ್ ಆಗಿ ಐದೈದು ಹೋಸ್ಟ್ ಹಿಡಿಯುತ್ತೆ, ಮೊದಲ ಐದು ಸಾಲು ಸ್ಕ್ರೀನ್ ಮೇಲೆ ಹಾಗೇ ನಿಂತ್ಕೊಂಡ್ತು, ಆಮೇಲೆ ಕೆಂಪು ಬಣ್ಣದಲ್ಲಿ ‘ಅನ್‌ರೀಚಬಲ್’, ಮತ್ತೆ ಐದು, ಮತ್ತೆ ಕೆಂಪು. ಆ ಹೋಸ್ಟ್‌ಗಳನ್ನ ಪಕ್ಕಕ್ಕಿಟ್ಟು ಅದು ಮುಂದಿನ ಐದಕ್ಕೆ ಹೋಗ್ತಾ ಇತ್ತು, ನಿಲ್ಲಿಸು ಅಂತ ನಾನು ಎಲ್ಲೂ ಬರೆದಿರ್ಲಿಲ್ವಲ್ಲ. ಕಂಟ್ರೋಲ್ ಸಿ ಒತ್ತೋ ಹೊತ್ತಿಗೆ 20 ಸ್ವಿಚ್ ಹೋಗಿತ್ತು.

ರಾತ್ರಿ ಒಂದೂವರೆ, ಮೆಟ್ರೋ ಇಲ್ಲ, ಬನಶಂಕರಿಯಿಂದ ಬೈಕಲ್ಲಿ ಹೋದೆ, ಬ್ಯಾಗಲ್ಲಿ ಸ್ವಿಚ್ಚಿಗೆ ನೇರ ಚುಚ್ಚೋ ನೀಲಿ ಕನ್ಸೋಲ್ ಕೇಬಲ್ಲು ಮತ್ತೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್. ಹಾಟ್ ಐಲಲ್ಲಿ (ಮೆಷಿನ್‌ಗಳ ಬಿಸಿಗಾಳಿ ಬರೋ ಸಾಲು) ಬೆವರು ಸುರಿಸ್ಕೊಂಡು ಲ್ಯಾಪ್‌ಟಾಪ್‌ನ ಒಂದು ಕೈಯಲ್ಲಿ ಹಿಡ್ಕೊಂಡು 9600 ಬಾಡ್‌ನಲ್ಲಿ ಒಂದೊಂದೇ ಅಕ್ಷರ ಮೂಡೋದನ್ನ ನೋಡ್ತಾ 20 ಸ್ವಿಚ್ಚಿಗೂ ವಿಲ್ಯಾನ್ ಪಟ್ಟಿ ವಾಪಸ್ ಹಾಕಿದೆ. ಪಟ್ಟಿ ಎಲ್ಲಿಂದ ಬಂತು ಅಂದ್ರೆ ಸ್ಟಾರ್ಟಪ್ ಕಾನ್ಫಿಗಿಂದ (ಸ್ವಿಚ್ಚಲ್ಲಿ ಮೊದಲೇ ಸೇವ್ ಆಗಿದ್ದ ಕಾನ್ಫಿಗ್), ಸೇವ್ ಮಾಡೋ ಸಾಲು ಓಡೋ ಮುಂಚೆನೇ ಸೆಷನ್ ಸತ್ತಿತ್ತು, ಅದೊಂದೇ ಅವತ್ತು ನಮ್ಮನ್ನ ಉಳಿಸಿದ್ದು. ಬೆಳಿಗ್ಗೆ ಐದು ಗಂಟೆಗೆ ಮುಗೀತು.

ಈಗ ನಿಮ್ಮ ವಿಷಯ. ಮೊದಲ ಎರಡು ತಿಂಗಳು ನಿಮ್ಮ ಪ್ಲೇಬುಕ್ ಯಾವ ಸ್ವಿಚ್ಚಿಗೂ ಏನೂ ಬರೀಬಾರ್ದು, ಬರೀ ಓದ್ಬೇಕು. ದಿನಾ ರಾತ್ರಿ 200 ಸ್ವಿಚ್ಚಿನ ಕಾನ್ಫಿಗ್ ಎಳೆದು ಗಿಟ್‌ಗೆ (ಫೈಲ್‌ಗಳ ಪ್ರತಿ ಬದಲಾವಣೆ ಇಟ್ಕೊಳ್ಳೋ ಟೂಲ್) ಹಾಕಿ, ಬೆಳಿಗ್ಗೆ ಡಿಫ್, ಅಂದ್ರೆ ಏನ್ ಬದಲಾಗಿದೆ ಅಂತ ನೋಡಿ. ಯಾರು ಯಾವಾಗ ಟಿಕೆಟ್ ಇಲ್ದೆ ಕೈ ಹಾಕಿದ್ರು ಅನ್ನೋದು ಒಂದೇ ವಾರದಲ್ಲಿ ಗೊತ್ತಾಗುತ್ತೆ. ಒಂದೇ ಕೆಲಸ ಮಾಡೋ ಎರಡು ಲೀಫಲ್ಲಿ ಗಡಿಯಾರ ಹೊಂದಿಸೋ ಎನ್‌ಟಿಪಿ ಸರ್ವರ್ ಬೇರೆ, ಒಂದರ ಎಂಟಿಯು (ಪ್ಯಾಕೆಟ್ ಎಷ್ಟು ದೊಡ್ಡದಿರ್ಬೋದು ಅನ್ನೋ ಮಿತಿ) ಬೇರೆ, ಇನ್ನೊಂದರಲ್ಲಿ ಕೆಲಸ ಬಿಟ್ಟು ಹೋದವನ ಲಾಗಿನ್ ಇನ್ನೂ ಜೀವಂತ. ಇಂಥದ್ದರ ಮೇಲೆ ಆಟೊಮೇಶನ್ ಹಾಕಿದ್ರೆ ಗೊಂದಲ ಬೇಗ ಹರಡುತ್ತೆ ಅಷ್ಟೇ.

ಆಮೇಲೆ ಎಕ್ಸೆಲ್ ಶೀಟ್ ಬಿಡಿ. ನೆಟ್‌ಬಾಕ್ಸ್ (ಯಾವ ಸ್ವಿಚ್, ಐಪಿ, ಕೇಬಲ್ ಎಲ್ಲಿ ಅಂತ ಬರೆದಿಡೋ ಸಾಫ್ಟ್‌ವೇರ್) ಹಾಕಿ, ಡಿಜಿಟಲ್ ಓಶನ್‌ನವ್ರು ತಮಗೆ ಅಂತ ಮಾಡ್ಕೊಂಡು 2016ರಲ್ಲಿ ಓಪನ್ ಸೋರ್ಸ್ ಮಾಡಿದ್ದು, ದುಡ್ಡು ಬೇಕಿಲ್ಲ. ಆದ್ರೆ ಇಲ್ಲೇ ಎಲ್ಲರೂ ಎಡವೋದು. ಸ್ವಿಚ್‌ಗಳನ್ನ ಸ್ಕ್ಯಾನ್ ಮಾಡಿ ಸಿಕ್ಕಿದ್ದನ್ನೆಲ್ಲ ದಿನಾ ನೆಟ್‌ಬಾಕ್ಸಿಗೆ ತುಂಬೋ ಸ್ಕ್ರಿಪ್ಟ್ ಬರೀತಾರೆ, ಅದನ್ನೇ ಸೋರ್ಸ್ ಆಫ್ ಟ್ರೂತ್ ಅಂತಾರೆ. ಅಲ್ಲ ರೀ. ನೆಟ್‌ವರ್ಕ್ ಹೇಗಿದೆ ಅನ್ನೋದು ಬೇರೆ, ಹೇಗಿರ್ಬೇಕು ಅನ್ನೋದು ಬೇರೆ. ನೆಟ್‌ಬಾಕ್ಸಲ್ಲಿ ಇರ್ಬೇಕಾದ್ದು ಎರಡನೇದು. ಯಾರೋ ರಾತ್ರಿ ತಪ್ಪು ಪೋರ್ಟಿಗೆ ಕೇಬಲ್ ಚುಚ್ಚಿದ್ರೆ ಬೆಳಿಗ್ಗೆ ನಿಮ್ಮ ಸ್ಕ್ರಿಪ್ಟ್ ಅದನ್ನೇ ಸತ್ಯ ಅಂತ ಬರ್ಕೊಳ್ಳುತ್ತೆ, ಆಮೇಲೆ ತಪ್ಪು ಕಂಡುಹಿಡಿಯೋಕೆ ಏನ್ ಉಳೀತು? ಮೊದಲ ಸಲ ತುಂಬೋಕೆ ಸ್ಕ್ಯಾನ್ ಬಳಸಿ, ಅಲ್ಲಿಂದಾಚೆ ಮನುಷ್ಯರು ನಿರ್ಧಾರ ಮಾಡಿ ಬರೀಲಿ, ಎರಡೂ ಹೊಂದದಿದ್ರೆ ಅಲಾರಂ ಬರ್ಲಿ.

ಇದಾದ್ಮೇಲೆ ಬರೆಯೋ ಕೆಲಸ. ಮೊದ್ಲು ಹೋದ್ರೂ ಯಾರಿಗೂ ನೋವಾಗದ್ದು, ಎನ್‌ಟಿಪಿ, ಸಿಸ್‌ಲಾಗ್ (ಲಾಗ್ ಕಳಿಸೋದು), ಬ್ಯಾನರ್ (ಲಾಗಿನ್ ಆದಾಗ ಕಾಣೋ ಸಂದೇಶ). ಪ್ಲೇಬುಕ್‌ನಲ್ಲಿ ‘ಸೀರಿಯಲ್’ (ಒಂದು ಸುತ್ತಿಗೆ ಎಷ್ಟು ಸ್ವಿಚ್ ಅನ್ನೋದು) ಹಾಕಿ, ಮೊದಲ ಸುತ್ತಿಗೆ 1, ಆಮೇಲೆ 5, ಆಮೇಲೆ ಉಳಿದಿದ್ದು. ಜೊತೆಗೆ ‘ಎನಿ ಎರರ್ಸ್ ಫೇಟಲ್’ ಹಾಕಿ, ಒಂದು ಬಿದ್ರೆ ಎಲ್ಲ ನಿಲ್ಲುತ್ತೆ. ಪ್ರತಿ ಸುತ್ತು ಆದ್ಮೇಲೆ ಬಿಜಿಪಿ ನೈಬರ್ ಎಷ್ಟಿತ್ತು ಎಷ್ಟಿದೆ, ಮ್ಯಾಕ್ ಟೇಬಲ್ ಎಷ್ಟಿತ್ತು ಎಷ್ಟಿದೆ ಅಂತ ಪ್ಲೇಬುಕ್ಕೇ ಲೆಕ್ಕ ನೋಡಿ ಮುಂದೆ ಹೋಗ್ಲಿ. ಆನ್ಸಿಬಲ್‌ನ ರಿಸೋರ್ಸ್ ಮಾಡ್ಯೂಲ್‌ಗಳಲ್ಲಿ (ಕಾನ್ಫಿಗಿನ ಒಂದೊಂದು ಭಾಗ ನೋಡ್ಕೊಳ್ಳೋವು) ‘ಮರ್ಜ್ಡ್’ ಅಂದ್ರೆ ಸೇರಿಸೋದು, ‘ಓವರ್‌ರಿಡನ್’ ಅಂದ್ರೆ ನೀವು ಬರೆದಿದ್ದು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತುಹಾಕೋದು. ನನ್ನ ‘ಆಡ್’ ಕಥೆನೇ ಇನ್ನೊಂದು ವೇಷದಲ್ಲಿ, ಎರಡನೇದನ್ನ ಒಂದು ವರ್ಷ ಮುಟ್ಬೇಡಿ.

ತಾನಾಗೇ ವಾಪಸ್ ಬರೋ ಕಮಿಟ್ ಇಲ್ದೆ ಯಾವ ಬದಲಾವಣೆನೂ ಬೇಡ. ಜುನಿಪರಲ್ಲಿ ‘ಕಮಿಟ್ ಕನ್ಫರ್ಮ್ಡ್’, ಏನೂ ಹೇಳದಿದ್ರೆ 10 ನಿಮಿಷ, ಅಷ್ಟರೊಳಗೆ ನೀವು ಖಚಿತ ಮಾಡ್ಲಿಲ್ಲ ಅಂದ್ರೆ ಹಳೇ ಕಾನ್ಫಿಗ್ ಬರುತ್ತೆ. ಅರಿಸ್ಟಾದಲ್ಲಿ ಸೆಷನ್ ತೆಗೆದು ‘ಕಮಿಟ್ ಟೈಮರ್’, ಸಿಸ್ಕೋ ಐಒಎಸ್‌ನಲ್ಲಿ ಆರ್ಕೈವ್ ಆನ್ ಮಾಡಿದ್ರೆ ‘ರಿವರ್ಟ್ ಟೈಮರ್’. ಅವತ್ತು ನಾನು ಈ ಒಂದು ಪದ ಹಾಕಿದ್ರೆ ಮನೆಯಲ್ಲೇ ಹತ್ತು ನಿಮಿಷ ಕಾದು ಮಲಗ್ತಿದ್ದೆ.

ಕೊನೇದಾಗಿ ಔಟ್ ಆಫ್ ಬ್ಯಾಂಡ್, ಅಂದ್ರೆ ಮುಖ್ಯ ನೆಟ್‌ವರ್ಕ್ ಬಿದ್ರೂ ಸ್ವಿಚ್ ತಲುಪೋಕೆ ಬೇರೆ ದಾರಿ. ಮ್ಯಾನೇಜ್‌ಮೆಂಟ್ ಪೋರ್ಟ್‌ಗಳು ಬೇರೆ ಸ್ವಿಚ್ಚಿಗೆ, ಅದರಿಂದ ಬೇರೆ ರೂಟರ್, ಬೇರೆ ಕಂಪನಿ ಲಿಂಕ್, ಪಕ್ಕದಲ್ಲಿ ಕನ್ಸೋಲ್ ಸರ್ವರ್. ಖರ್ಚು ಅಂತ ಮ್ಯಾನೇಜರ್ ಗೊಣಗಿದ್ರೆ 2021ರ ಅಕ್ಟೋಬರ್ 4 ನೆನಪಿಸಿ, ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿತ್ತು, ಎಲ್ಲರ ವಾಟ್ಸಾಪ್ ನಿಂತೋಯ್ತು. ಫೇಸ್‌ಬುಕ್‌ನವ್ರು ಮೇಂಟೆನೆನ್ಸ್ ಟೈಮಲ್ಲಿ ಬ್ಯಾಕ್‌ಬೋನ್ (ಡೇಟಾ ಸೆಂಟರ್‌ಗಳನ್ನ ಜೋಡಿಸೋ ಮುಖ್ಯ ನೆಟ್‌ವರ್ಕ್) ಕೆಪಾಸಿಟಿ ನೋಡೋಕೆ ಅಂತ ಕೊಟ್ಟ ಒಂದು ಕಮಾಂಡ್ ಬ್ಯಾಕ್‌ಬೋನನ್ನೇ ಕೆಡವ್ತು, ತಡೀಬೇಕಿದ್ದ ಆಡಿಟ್ ಟೂಲಲ್ಲೇ ಬಗ್ ಇತ್ತು, ಡಿಎನ್‌ಎಸ್ ಸರ್ವರ್‌ಗಳು ತಮ್ಮ ಬಿಜಿಪಿ ಜಾಹೀರಾತನ್ನ ವಾಪಸ್ ತಗೊಂಡವು, ಒಳಗಿನ ಟೂಲ್‌ಗಳೂ ಕೈಕೊಟ್ಟು ಇಂಜಿನಿಯರ್‌ಗಳು ಡೇಟಾ ಸೆಂಟರ್‌ಗೆ ಖುದ್ದಾಗಿ ಹೋಗ್ಬೇಕಾಯ್ತು, ಸುಮಾರು ಆರು ಗಂಟೆ ಹಿಡೀತು. ಮುಂದಿನ ವರ್ಷ ಜುಲೈ 8ಕ್ಕೆ ಕೆನಡಾದ ಟೆಲಿಕಾಂ ಕಂಪನಿ ರೋಜರ್ಸ್, ಒಂದು ಫಿಲ್ಟರ್ ತೆಗೆದಿದ್ದಕ್ಕೆ ಕೋರ್ ಪೂರ್ತಿ ಬಿತ್ತು, 1.2 ಕೋಟಿಗೂ ಜಾಸ್ತಿ ಗ್ರಾಹಕರು, ಅವ್ರ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಕೂಡ ಅದೇ ಕೋರ್ ಮೇಲೆ ನಿಂತಿತ್ತು. ಅಷ್ಟು ದೊಡ್ಡವ್ರಿಗೇ ಹೀಗಾಗುತ್ತೆ ಅಂದ್ರೆ 200 ಸ್ವಿಚ್ ಇಟ್ಕೊಂಡಿರೋ ನಾವು ಇನ್ನೆಷ್ಟು ಹುಷಾರಾಗಿರ್ಬೇಕು. ಔಟ್ ಆಫ್ ಬ್ಯಾಂಡ್ ರೆಡಿ ಆಗೋವರೆಗೆ ಬರೆಯೋ ಪ್ಲೇಬುಕ್ ಬೇಡ, ಇದ್ರಲ್ಲಿ ನಾನು ಚೌಕಾಸಿ ಮಾಡಲ್ಲ. ನನ್ನನ್ನ ತುಂಬಾ ಹೆದರೋನು ಅಂತಾರೆ, ಅನ್ಲಿ.

ಪ್ರಶ್ನೆ: ಎಐ ಟೂಲ್ ಸ್ವಿಚ್ ಕಾನ್ಫಿಗ್ ಬರೆದುಕೊಡುತ್ತೆ, ಇನ್ನು ನಾವ್ಯಾಕೆ ಕಲೀಬೇಕು?

ಅದು ‘ಆಡ್’ ಬಿಟ್ಟು ಬರೆದುಕೊಟ್ರೆ ನಿಮಗೆ ಗೊತ್ತಾಗುತ್ತಾ? ಗೊತ್ತಾಗೋವಷ್ಟು ಕಲ್ತ್ಕೊಂಡು ಬಳಸಿ. ಬರೆದಿದ್ದನ್ನ ಸ್ವಿಚ್ಚಿಗೆ ಹಾಕೋ ಮುಂಚೆ ಬ್ಯಾಟ್‌ಫಿಶ್‌ಗೆ ಕೊಡಿ, ಅದು ಕಾನ್ಫಿಗ್ ಫೈಲ್‌ಗಳನ್ನಷ್ಟೇ ಓದಿ ಟ್ರಾಫಿಕ್ ಎಲ್ಲಿಗೆ ಹೋಗುತ್ತೆ ಅಂತ ಹೇಳುತ್ತೆ, ನಿಜವಾದ ಸ್ವಿಚ್ ಮುಟ್ಟೋದೇ ಇಲ್ಲ.

ಪ್ರಶ್ನೆ: ವೆಂಡರ್ ಹೇಳ್ತಾರೆ ನಮ್ಮ ಕಂಟ್ರೋಲರ್ ಹಾಕಿದ್ರೆ ಎಲ್ಲಾ ತಾನೇ ಆಗುತ್ತೆ ಅಂತ.

ಡೆಮೋದಲ್ಲಿ ಆಗುತ್ತೆ. ಆ ಕಂಟ್ರೋಲರ್ ಸತ್ತಾಗ ಸ್ವಿಚ್‌ಗಳು ಏನ್ ಮಾಡ್ತವೆ ಅಂತ ಅವ್ರ ಎದುರಿಗೇ ಆಫ್ ಮಾಡಿಸಿ ನೋಡಿ, ಆಮೇಲೆ ಪಿಒ (ಖರೀದಿ ಆರ್ಡರ್) ಕೊಡಿ.

ಪ್ರಶ್ನೆ: ಹೊಸ ವಿಎಕ್ಸ್‌ಲ್ಯಾನ್ ಫ್ಯಾಬ್ರಿಕ್‌ನಲ್ಲಿ ಪಿಂಗ್ ಆಗುತ್ತೆ, ಎಸ್‌ಎಸ್‌ಎಚ್ ಲಾಗಿನ್ ಕೂಡ ಆಗುತ್ತೆ, ಆದ್ರೆ ದೊಡ್ಡ ಫೈಲ್ ಕಾಪಿ ಮಾಡಿದ್ರೆ ಹ್ಯಾಂಗ್. ಸರ್ವರ್ ಟೀಮ್ ನೆಟ್‌ವರ್ಕ್ ಅಂತಾರೆ, ನಾವು ಪಿಂಗ್ ಆಗ್ತಿದೆಯಲ್ಲ ಅಂತೀವಿ.

ಸರ್ವರ್ ಟೀಮ್ ಸರಿ. ಲಿನಕ್ಸ್ ಪಿಂಗ್ 56 ಬೈಟ್ ಡೇಟಾ ಕಳಿಸುತ್ತೆ, ಅದು ಎಂಥ ಸಂದಿಯಲ್ಲಾದ್ರೂ ನುಗ್ಗುತ್ತೆ. ವಿಎಕ್ಸ್‌ಲ್ಯಾನ್ ಪ್ರತಿ ಫ್ರೇಮನ್ನೂ ಇನ್ನೊಂದು ಪ್ಯಾಕೆಟ್ ಒಳಗಿಟ್ಟು ಕಳಿಸುತ್ತೆ, ಅದಕ್ಕೆ ಹೊರಗಿಂದ 50 ಬೈಟ್ ಸೇರಿಸುತ್ತೆ, ಸರ್ವರ್ 1500 ಕಳಿಸಿದ್ರೆ ಅಂಡರ್‌ಲೇಗೆ (ಆ ಪ್ಯಾಕೆಟ್ ಹೊರೋ ಕೆಳಗಿನ ನೆಟ್‌ವರ್ಕ್) 1550 ಬೇಕು, ಅಲ್ಲೂ 1500 ಇಟ್ಟಿದ್ರೆ ಪ್ಯಾಕೆಟ್ ಸದ್ದಿಲ್ಲದೆ ಸಾಯುತ್ತೆ. ಸರ್ವರಿಂದ ಫ್ರಾಗ್ಮೆಂಟ್ ಮಾಡ್ಬೇಡ ಅಂತ ಹೇಳಿ 1472 ಸೈಜಿನ ಪಿಂಗ್ ಹೊಡೀರಿ, ಹೆಡರ್ 28 ಸೇರಿ ಸರಿಯಾಗಿ 1500 ಆಗುತ್ತೆ, ಈಗ ನಿಮಗೂ ಕಾಣುತ್ತೆ. ಅಂಡರ್‌ಲೇ ಎಲ್ಲಾ ಲಿಂಕಿಗೂ 9216 ಇಡಿ, ಎಲ್ಲಾ ಅಂದ್ರೆ ಎಲ್ಲಾ. ಒಂದು ಲಿಂಕ್ ಬಿಟ್ಟುಹೋದ್ರೆ ಇಸಿಎಂಪಿ (ಸಮಾನ ದಾರಿಗಳಲ್ಲಿ ಟ್ರಾಫಿಕ್ ಹಂಚೋದು) ಇರೋದ್ರಿಂದ ಆ ದಾರಿಗೆ ಬಿದ್ದ ಫ್ಲೋಗಳು ಮಾತ್ರ ಸಾಯ್ತವೆ, ಹತ್ತು ಸಲ ಕಾಪಿ ಮಾಡಿದ್ರೆ ಏಳು ಸಲ ಆಗುತ್ತೆ ಮೂರು ಸಲ ಇಲ್ಲ, ಅದನ್ನ ಕೈಯಲ್ಲಿ ಹುಡುಕೋಕೆ ಹೋದ್ರೆ ವಾರ ಹೋಗುತ್ತೆ. ವೈಟ್‌ಫೀಲ್ಡ್‌ನವ್ರಿಗೆ ಹೇಳಿದ ಓದೋ ಪ್ಲೇಬುಕ್ ಇದೆಯಲ್ಲ, ಅದನ್ನೇ ನೀವೂ ಬರೆದು ಎಲ್ಲಾ ಲೀಫ್ ಎಲ್ಲಾ ಸ್ಪೈನ್ ಇಂಟರ್‌ಫೇಸಿನ ಎಂಟಿಯು ಎಳೀರಿ, 9216 ಅಲ್ಲದ್ದನ್ನ ಮಾತ್ರ ಪ್ರಿಂಟ್ ಮಾಡ್ಸಿ.