ಬ್ಲೇಡ್ ಬಲಕ್ಕೆ ಎಳೆದರೆ ಅದು ನಿಮ್ಮ ಕೈ ತಪ್ಪಲ್ಲ

ಸ್ಕ್ರೋಲ್ ಸಾದಲ್ಲಿ (ತೆಳು ಬ್ಲೇಡ್ ಮೇಲೆ ಕೆಳಗೆ ಆಡುತ್ತಾ ಮರ ಕೊಯ್ಯುವ ಯಂತ್ರ) 18 ಮಿ.ಮೀ. ಗಟ್ಟಿ ಮರ ಕೊಯ್ಯುವಾಗ 2ನೇ ನಂಬರ್ ಬ್ಲೇಡ್ ಗೆರೆ ಬಿಟ್ಟು ಬಲಕ್ಕೆ ಸರಿಯುತ್ತದೆ, ಪದೇ ಪದೇ ಮುರಿಯುತ್ತದೆ ಅಂತ ಕೇಳಿದ್ದೀರಲ್ಲ, ಸರಿಯುವುದಕ್ಕೆ ಕಾರಣ ಬ್ಲೇಡೇ. ಹಲ್ಲು ಮಾಡುವಾಗ ಒಂದು ಬದಿಯಲ್ಲಿ ಸಣ್ಣ ಒರಟು ಅಂಚು ಉಳಿಯುತ್ತದೆ, ಆ ಬದಿ ಜಾಸ್ತಿ ಕೊರೆಯುವುದರಿಂದ ಬ್ಲೇಡ್ ಅತ್ತಲೇ ಎಳೆಯುತ್ತದೆ. ಹಾಗಾಗಿ ಫೆನ್ಸ್ (ಮರ ಒರಗಿಸಿ ತಳ್ಳುವ ನೇರ ಪಟ್ಟಿ) ಇಟ್ಟು ನೇರ ತಳ್ಳಬೇಡಿ. ಬೇಡದ ತುಂಡಿನ ಮೇಲೆ ಗೆರೆ ಎಳೆದು, ಮರವನ್ನು ಸ್ವಲ್ಪ ಸ್ವಲ್ಪ ಓರೆ ಮಾಡುತ್ತಾ ತಳ್ಳಿ ನೋಡಿ, ಗೆರೆ ಹಿಡಿಯುವ ಕೋನ ಒಂದು ಸಿಗುತ್ತದೆ, ಆಮೇಲೆ ಕೈಗೆ ತಾನೇ ಅಭ್ಯಾಸವಾಗುತ್ತದೆ.

ಮುರಿಯುವ ವಿಷಯ ಬೇರೆ. 2ನೇ ನಂಬರ್ ತೆಳು ಹಲಗೆಯ ನಾಜೂಕು ಕೆಲಸಕ್ಕೆ ಸರಿ, ಇಷ್ಟು ದಪ್ಪಕ್ಕೆ 7 ಅಥವಾ 9 ಹಾಕಿ. ನಂಬರ್ ಹೆಚ್ಚಿದಷ್ಟೂ ಬ್ಲೇಡ್ ದಪ್ಪ, ಹಲ್ಲು ದೊಡ್ಡದು. ಪ್ಲಗ್ ತೆಗೆದು ಬ್ಲೇಡನ್ನು ಹಿಂಬದಿಯಿಂದ ಮೀಟಿ ನೋಡಿ, ತಂತಿಯ ಹಾಗೆ 'ಟಿಂಗ್' ಅನ್ನಬೇಕು, 'ಡಬ್' ಅಂದರೆ ಸಡಿಲ ಅಂತ ಅರ್ಥ. ಹಲ್ಲು ಕೆಳಮುಖವಾಗಿದೆ ತಾನೇ? ನಾನೇ ಒಮ್ಮೆ ತಲೆಕೆಳಗಾಗಿ ಹಾಕಿ, ಮರ ಯಾಕೆ ಕುಣಿಯುತ್ತಿದೆ ಅಂತ ಸುಮ್ನೆ ತಲೆ ಕೆರೆದುಕೊಂಡಿದ್ದೆ. ಅಂಚು ಸುಟ್ಟು ಕಪ್ಪಾಗುತ್ತಿದ್ದರೆ ಮರದ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ ಕೊಯ್ಯಿರಿ. ಅವಸರದಲ್ಲಿ ಒತ್ತಬೇಡಿ, ಮೊಂಡಾದ ಬ್ಲೇಡನ್ನು ಮುರಿಯುವ ಮೊದಲೇ ಬದಲಿಸಿ.